ರಸೀದಿಯ ಹಿಂಬದಿ

ಒದ್ದೆ ಬೆಡ್‌ಶೀಟು ಎಷ್ಟು ಭಾರವಿರುತ್ತದೆ ಎಂದು ಬ್ಯಾಂಕಿನವರಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಗರಜೂ ಅವರಿಗಿಲ್ಲ. ಒಣಗಿದ್ದಾಗ ಅದನ್ನು ಮಗುವೂ ಎತ್ತೀತು. ಯಂತ್ರದ ಬಾಯಿಂದ ಎಳೆಯುವಾಗ ಹತ್ತು ಶೀಟುಗಳು ಒಂದಕ್ಕೊಂದು ಹೊಸೆದುಕೊಂಡು, ಹೊಟ್ಟೆ ತುಂಬ ನೀರು ಕುಡಿದು, ಹೊರಗೆ ಬರುವುದಿಲ್ಲ ಎಂದು ಹಟ ಹಿಡಿಯುತ್ತವೆ. ಒಂದು ಕಾಲನ್ನು ಯಂತ್ರದ ಬುಡಕ್ಕೆ ಒತ್ತಿ ಹಿಡಿದು ಸೊಂಟದಿಂದ ಎಳೆಯಬೇಕು. ದಿನಕ್ಕೆ ಮುನ್ನೂರು.

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳದು ಹತ್ತು ವರ್ಷದ ಕೆಲಸ. ಮೇಲಿನ ಆರು ಮಹಡಿಗಳ ರಕ್ತ, ಕೀವು, ಉಚ್ಚೆ, ವಾಂತಿ ಎಲ್ಲವೂ ಬಟ್ಟೆಯ ಗಂಟುಗಳಾಗಿ ಒಂದು ದೊಡ್ಡ ಕೊಳವೆಯಲ್ಲಿ ಜಾರಿ ಧೊಪ್ಪನೆ ಕೆಳಗೆ ಬೀಳುತ್ತವೆ. ಗಂಟು ಬಿಚ್ಚಿ, ಬೇರ್ಪಡಿಸಿ, ಎಣಿಸಿ, ಒಗೆದು, ಬಿಳಿ ಮಾಡಿ ಮೇಲಕ್ಕೆ ಕಳಿಸಬೇಕು. ಮೇಲಿನವರಿಗೆ ಬಿಳಿ ಕಾಣುತ್ತದೆ, ಬಿಳಿ ಮಾಡಿದವರು ಕಾಣುವುದಿಲ್ಲ. ಬ್ಲೀಚಿಂಗ್ ನೀರು ಅವಳ ಬೆರಳಿನ ಗೆರೆಗಳನ್ನು ತಿಂದು ಹಾಕಿದೆ. ಬ್ಯಾಂಕಿನ ಹೆಬ್ಬೆಟ್ಟಿನ ಯಂತ್ರದ ಮೇಲೆ ಬೆರಳಿಟ್ಟರೆ ಅದು ಕುಂಯ್ ಎಂದು ಕೆಂಪು ದೀಪ ತೋರಿಸುತ್ತದೆ.

"ನೀವು ನೀವೇ ಅಂತ ನಮಗೆ ಹೇಗ್ರೀ ಗೊತ್ತಾಗ್ಬೇಕು?" ಎಂದು ಕ್ಯಾಷ್ ಕೌಂಟರಿನ ಹುಡುಗಿ ಒಮ್ಮೆ ಕೇಳಿದ್ದಳು.

ವಾಸನೆ ನೋಡಿ ತಿಳಿದುಕೋ ಎನ್ನಬಹುದಿತ್ತು. ಅನ್ನಲಿಲ್ಲ. ಸಂಬಳ ತೆಗೆಯಲು ಬೇರೆ ಫಾರಂ ತುಂಬಿ, ಸಹಿ ಹಾಕಿ, ಕಂತಿನ ದುಡ್ಡು ಕಟ್ಟಿ ಬಂದಳು. ದುಡ್ಡು ಕಟ್ಟುವುದಕ್ಕೆ ಮಾತ್ರ ಯಾರೂ ಅವಳನ್ನು ನೀನು ಯಾರು ಎಂದು ಕೇಳಲಿಲ್ಲ.

ಬ್ಯಾಂಕಿನ ಬಾಗಿಲಲ್ಲಿ ಕೂರುವ ಕಾವಲಿನಜ್ಜ ಅವಳನ್ನು ಕರೆಯುವುದು 'ಐದನೇ ತಾರೀಖಿನಮ್ಮ' ಎಂದು. ಬಿಸಿಲಿರಲಿ, ಜ್ವರವಿರಲಿ, ಐದನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಅವಳು ಅಲ್ಲಿರುತ್ತಾಳೆ. ಮನೆ ಕೊಂಡು ಒಂಬತ್ತು ವರ್ಷ. ಮೂರನೇ ಮಹಡಿ, ಎರಡು ಕೋಣೆ, ಕೈ ಚಾಚಿದರೆ ಪಕ್ಕದ ಕಟ್ಟಡದ ಗೋಡೆ ಸಿಗುವಂಥ ಕಿಟಕಿ. ಹದಿನೈದು ವರ್ಷದ ಸಾಲ. ಕೊಂಡಾಗ ಇಬ್ಬರಿದ್ದರು. ಪತ್ರದಲ್ಲಿ ಮೊದಲ ಹೆಸರು ಅವನದು, ಎರಡನೆಯದು ಅವಳದು. ಮಗಳಿಗೆ ಮೂರು ತುಂಬುವ ಹೊತ್ತಿಗೆ ಅವನು ಬೇರೆ ಊರು, ಬೇರೆ ಸಂಸಾರ ನೋಡಿಕೊಂಡ. ಹೋಗುವಾಗ ಇಸ್ತ್ರಿ ಪೆಟ್ಟಿಗೆಯನ್ನೂ ಒಯ್ದ. ಸಾಲವನ್ನು ಮಾತ್ರ ಮರೆತುಹೋದ. ಅಂದಿನಿಂದ ಒಂದು ಕಂತನ್ನೂ ಅವನು ಕಟ್ಟಿಲ್ಲ, ಒಂದು ಕಂತನ್ನೂ ಅವಳು ತಪ್ಪಿಸಿಲ್ಲ.

ನಾಲ್ಕು ವರ್ಷದ ಹಿಂದೆ ಬ್ಯಾಂಕಿನ ಗೋಡೆಗೆ ಒಂದು ದೊಡ್ಡ ಚಿತ್ರ ಬಂತು. ಅಪ್ಪ, ಅಮ್ಮ, ಮಗು, ಮೂವರೂ ಹಲ್ಲು ಕಿರಿಯುತ್ತ ಒಂದು ಬೀಗದ ಕೈ ಹಿಡಿದುಕೊಂಡಿದ್ದಾರೆ. ಕೆಳಗೆ 'ಸ್ವಲ್ಪ ಹೆಚ್ಚು ಕಟ್ಟಿ, ಬೇಗ ಮುಕ್ತರಾಗಿ' ಎಂದಿದೆ. ಅವಳು ಅದರ ಮುಂದೆ ನಿಂತು ಎರಡೆರಡು ಸಲ ಓದಿದಳು. ಕೌಂಟರಿನಲ್ಲಿ ಕೇಳಿದಳು. ಹುಡುಗಿ ತಲೆಯೆತ್ತದೆಯೇ, "ಹೂಂ, ಜಾಸ್ತಿ ಕಟ್ಟಿದ್ರೆ ಅಸಲು ಕರಗತ್ತೆ, ಸಾಲ ಬೇಗ ತೀರತ್ತೆ" ಎಂದಳು. ಅಷ್ಟು ಸಾಕಾಯಿತು. ಮುಂದಿನ ತಿಂಗಳಿನಿಂದ ಒಂಬತ್ತು ಸಾವಿರದ ಕಂತಿನ ಮೇಲೆ ಒಂದೂವರೆ ಸಾವಿರ ಸೇರಿಸಿ ಕಟ್ಟತೊಡಗಿದಳು.

ಒಂದೂವರೆ ಸಾವಿರ ಎಲ್ಲಿಂದ ಬರಬೇಕು? ಮೈಯಿಂದಲೇ ಬರಬೇಕು. ಎರಡು ಬಸ್ಸು ಹಿಡಿಯುತ್ತಿದ್ದವಳು ಒಂದನ್ನು ಬಿಟ್ಟು ನಡೆದಳು. ಭಾನುವಾರ ಸೋಂಕಿನ ಬಟ್ಟೆಯ ವಿಭಾಗಕ್ಕೆ ಹೆಸರು ಕೊಟ್ಟಳು. ಅಲ್ಲಿ ಗಂಟೆಗೆ ಸ್ವಲ್ಪ ಜಾಸ್ತಿ ಕೊಡುತ್ತಾರೆ, ಹರಿದ ಕೈಗವಸನ್ನೂ ಕೊಡುತ್ತಾರೆ. ಹಾಲು ಅರ್ಧ ಲೀಟರಿನಿಂದ ಕಾಲು ಲೀಟರಿಗೆ ಇಳಿಯಿತು. ದಿನಕ್ಕೆ ಒಂದೇ ಮೊಟ್ಟೆ, ಅದು ಮಗಳ ಡಬ್ಬಿಗೆ. "ನಂಗೆ ಮೊಟ್ಟೆ ಸೇರಲ್ಲ ಪುಟ್ಟಿ" ಎಂದು ನಾಲ್ಕು ವರ್ಷದಿಂದ ಹೇಳುತ್ತ ಬಂದಿದ್ದಾಳೆ. ಹೊಟ್ಟೆ ಬಟ್ಟೆ ಕಟ್ಟುವುದು ಎನ್ನುತ್ತಾರಲ್ಲ, ಹೇಳುವವರ ಬಾಯಿಗೆ ಅದು ಹಗುರ. ಕಟ್ಟಿದವರ ಹೊಟ್ಟೆಗೆ ಗೊತ್ತು.

ಅಡುಗೆಮನೆಯಲ್ಲಿ ಒಂದು ಹಗ್ಗ. ಹಗ್ಗದಲ್ಲಿ ಕ್ಲಿಪ್ಪು ಹಾಕಿ ತೂಗಿಬಿಟ್ಟ ಐದು ಚೀಲ. ಆಸ್ಪತ್ರೆಯವರು ಬಿಸಾಡಿದ ದಿಂಬಿನ ಕವರುಗಳನ್ನು ಕತ್ತರಿಸಿ ಅವಳೇ ಹೊಲಿದದ್ದು. ಅನ್ನದ್ದು, ಬಸ್ಸಿನದ್ದು, ಗ್ಯಾಸಿನದ್ದು, ಸ್ಕೂಲಿನದ್ದು. ತುದಿಯದು ಕೆಂಪು ದಾರದ್ದು, ಅದು ಮನೆಯದ್ದು. ಮೊದಲ ನಾಲ್ಕು ಚೀಲಗಳು ತಮ್ಮತಮ್ಮಲ್ಲಿ ಕೊಡು ಕೊಳ್ಳು ಮಾಡಬಹುದು. ಕೆಂಪು ದಾರದ ಚೀಲಕ್ಕೆ ಹಾಕಬೇಕೇ ಹೊರತು ತೆಗೆಯುವಂತಿಲ್ಲ. ಮಗಳಿಗೆ ಇದೊಂದು ಆಟ.

"ಅಮ್ಮಾ, ಅನ್ನದ ಚೀಲ ಬಸ್ಸಿನ ಚೀಲಕ್ಕೆ ಸಾಲ ಕೊಟ್ಟಿದೆ, ಬಡ್ಡಿ ಕೇಳ್ತಾ ಇದೆ."

"ಬಸ್ಸಿಗೆ ಹೇಳು, ನಡ್ಕೊಂಡು ಹೋಗ್ಲಿ."

ಇಬ್ಬರೂ ನಗುತ್ತಿದ್ದರು. ಆ ನಗುವಿನ ಧೈರ್ಯದಲ್ಲೇ ಅವಳು ಅಷ್ಟು ದೂರ ನಡೆದುಬಿಟ್ಟಳು.

ನಾಲ್ಕನೇ ತಾರೀಖು ಟೀಚರಿಂದ ಫೋನು ಬಂತು. ಲಾಂಡ್ರಿಯ ಏಪ್ರನ್ ಬಿಚ್ಚಿ ಸ್ಕೂಲಿಗೆ ಓಡಿದಳು. ಟೀಚರು ಕೆಟ್ಟವರಲ್ಲ, ಆದರೆ ಅಂದು ಸಿಟ್ಟಿನಲ್ಲಿದ್ದರು.

"ನಿಮ್ಮ ಮಗಳಿಗೆ ಬೋರ್ಡು ಕಾಣಲ್ಲ, ಗೊತ್ತೇನ್ರೀ? ಎರಡು ವರ್ಷ ಆಯ್ತಂತೆ. ಪಕ್ಕದ ಹುಡುಗಿ ಕಿವಿಯಲ್ಲಿ ಓದಿ ಹೇಳ್ತಾಳಂತೆ, ಇವಳು ಬರ್ಕೋತಾಳಂತೆ. ಅದಕ್ಕೆ ಫೀಸು ಏನು ಗೊತ್ತಾ? ದಿನಾ ಒಂದು ಮೊಟ್ಟೆ."

"ಯಾವ ಮೊಟ್ಟೆ?"

"ನೀವು ಡಬ್ಬಿಗೆ ಹಾಕಿ ಕಳಿಸ್ತೀರಲ್ಲ, ಅದೇ. ಇವತ್ತು ಅವರಿಬ್ಬರಿಗೂ ಜಗಳ ಆಯ್ತು. ಆಗ ಗೊತ್ತಾಯ್ತು ನಮಗೆ. ತಾಯಿ ಅಂತ ಇದ್ದು ನೀವು ಏನು ನೋಡ್ತಾ ಇದ್ರಿ?"

ಮಗಳು ಬಾಗಿಲ ಹೊರಗೆ ನಿಂತು ಗೋಡೆಯ ಸುಣ್ಣ ಕೆರೆಯುತ್ತಿದ್ದಳು. ಹನ್ನೊಂದು ವರ್ಷ, ಸಣಕಲು ಕಾಲು. ಅವಳನ್ನು ಕರೆದುಕೊಂಡು ಹೊರಟಳು.

"ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಕನ್ನಡಕಕ್ಕೆ ಕೆಂಪು ಚೀಲದಿಂದ ತೆಗೀಬೇಕಾಗತ್ತಲ್ಲ."

ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನಿಸಿತು. ನಡುರಸ್ತೆಯಾದ್ದರಿಂದ ಸುಮ್ಮನಾದಳು. ಮಗಳ ಕಣ್ಣನ್ನು ತಾನೇ ಒತ್ತೆಯಿಟ್ಟೆ ಎಂದುಕೊಂಡಳು. ಯಾವ ಪತ್ರದಲ್ಲೂ ಬರೆಯದ ಒತ್ತೆ, ಯಾವ ಮ್ಯಾನೇಜರೂ ಕೇಳದ ಒತ್ತೆ. ಅಂಗಡಿಯಲ್ಲಿ ಕಣ್ಣು ತೋರಿಸಿದರು. ಎರಡು ಸಾವಿರದ ಇನ್ನೂರು ಎಂದರು. ನಾಳೆ ಬರುತ್ತೇವೆ ಎಂದು ಹೇಳಿ ಹೊರಬಂದರು.

ಆ ಸಂಜೆ ಅವಳು ಲೆಕ್ಕ ಹಾಕಿದಳು. ಈ ತಿಂಗಳು ಜಾಸ್ತಿಯ ಒಂದೂವರೆ ಸಾವಿರ ಕಟ್ಟುವುದು ಬೇಡ. ಉಳಿದ ಏಳುನೂರನ್ನು ದೊಡ್ಡಕ್ಕನ ಹತ್ತಿರ ಕೇಳಿದರಾಯಿತು. ದೊಡ್ಡಕ್ಕ ಎಂದರೆ ಲಾಂಡ್ರಿಯಲ್ಲಿ ಅವಳ ಜೊತೆ ಶೀಟು ಮಡಿಸುವವಳು. ಹೇಗೂ ನಲವತ್ತೇಳು ತಿಂಗಳು ಬಿಡದೆ ಕಟ್ಟಿದ್ದೇನೆ, ಒಂದು ತಿಂಗಳು ತಪ್ಪಿದರೆ ಮನೆ ಬಿದ್ದುಹೋಗುವುದಿಲ್ಲ. ಎಷ್ಟು ಕರಗಿದೆ ಎಂದು ಒಂದು ಸಲ ಕೇಳಿಕೊಂಡರೆ ಜೀವಕ್ಕೆ ಸಮಾಧಾನ.

ಮರುದಿನ ಐದನೇ ತಾರೀಖು. ಕೆಂಪು ದಾರದ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಕ್ಕೆ ಕೌಂಟರಿನ ಮುಂದೆ ನಿಂತಳು.

"ಮೇಡಂ, ಇವತ್ತು ಬರೀ ಕಂತು. ಇಷ್ಟು ದಿನ ಜಾಸ್ತಿ ಕಟ್ಟಿದ್ದಕ್ಕೆ ಅಸಲು ಎಷ್ಟು ಕರಗಿದೆ, ಸ್ವಲ್ಪ ನೋಡಿ ಹೇಳ್ತೀರಾ?"

ಹುಡುಗಿ ಕೀಲಿಗಳನ್ನು ಟಕಟಕ ಒತ್ತಿದಳು. ಒಮ್ಮೆ ಪರದೆ ನೋಡಿದಳು, ಒಮ್ಮೆ ಇವಳನ್ನು ನೋಡಿದಳು.

"ಅಸಲು ಮಾಮೂಲಿ ಹಾಗೇ ಇದೆ. ನೀವು ಜಾಸ್ತಿ ಕಟ್ಟಿದ್ದು ಹೆಚ್ಚುವರಿ ಖಾತೆಗೆ ಹೋಗಿತ್ತು."

"ಹೋಗಿತ್ತು ಅಂದ್ರೆ?"

"ಈಗ ಇಲ್ಲ. ಹೋದ ತಿಂಗಳು ಇಪ್ಪತ್ತಕ್ಕೆ ತೆಗೆದಿದ್ದಾರೆ. ಎಪ್ಪತ್ತು ಸಾವಿರದ ಐನೂರು. ನಿಮ್ಮ ಮನೆಯವರೇ. ಬೇರೆ ಬ್ರಾಂಚಲ್ಲಿ."

ಕೌಂಟರಿನ ಕಟ್ಟೆ ಹಿಡಿದುಕೊಂಡಳು. ಹಿಂದಿನಿಂದ ಯಾರೋ "ಬೇಗ ಆಗ್ಲಮ್ಮ" ಎಂದರು. ಹುಡುಗಿ ಮ್ಯಾನೇಜರ ಕೋಣೆಯತ್ತ ಕೈ ತೋರಿಸಿದಳು.

ಮ್ಯಾನೇಜರ ಮೇಜಿನ ಮುಂದೆ ಎರಡು ಕುರ್ಚಿ ಖಾಲಿಯಿದ್ದವು. ಕೂತುಕೊಳ್ಳಿ ಎಂದು ಅವನು ಹೇಳಲಿಲ್ಲ. ಅವಳ ಮೈಯಿಂದ ಬರುವ ಬ್ಲೀಚಿಂಗ್ ವಾಸನೆಗೆ ಮೂಗನ್ನು ಸಣ್ಣಗೆ ಕುಗ್ಗಿಸಿ ಫ್ಯಾನಿನ ವೇಗ ಹೆಚ್ಚಿಸಿದ.

"ನೋಡಿಯಮ್ಮ, ಅಸಲಿಗೆ ಹಾಕಿ ಅಂತ ನೀವು ರಸೀದಿಯಲ್ಲಿ ಗುರುತು ಮಾಡಿಲ್ಲ. ಗುರುತು ಮಾಡದಿದ್ರೆ ಹೆಚ್ಚುವರಿಗೆ ಹೋಗತ್ತೆ. ಅದು ರೂಲು."

"ಗುರುತು ಮಾಡ್ಬೇಕು ಅಂತ ಯಾರೂ ಹೇಳ್ಲಿಲ್ಲ ಸಾರ್. ಕರಗತ್ತೆ ಅಂದ್ರು."

"ಎಲ್ಲರಿಗೂ ಒಂದೊಂದಾಗಿ ಹೇಳ್ತಾ ಕೂರೋಕಾಗತ್ತಾ?"

"ಅವರು ಎಂಟು ವರ್ಷದಿಂದ ಒಂದು ಕಾಸು ಕಟ್ಟಿಲ್ಲ. ಅವರಿಗೆ ಹೇಗೆ ಕೊಟ್ರಿ?"

"ಮೊದಲ ಹೆಸರು ಅವರದು. ಖಾತೆಯ ಮೆಸೇಜು ಹೋಗೋದೂ ಅವರ ಫೋನಿಗೆ. ಬಂದರು, ಕೇಳಿದರು, ಕೊಟ್ಟಿದ್ದಾರೆ. ನೀವು ಬರೀ ತಂದು ಕಟ್ಟೋರು."

"ನಾಳೆ ಕಂತು ನಿಂತ್ರೆ ಕೇಸು ಯಾರ ಮೇಲೆ ಹಾಕ್ತೀರಿ?"

"ಇಬ್ಬರ ಮೇಲೂ. ಅವರು ಸಿಗದಿದ್ರೆ ನಿಮ್ಮ ಮೇಲೆ."

ಹೇಳುವಾಗ ಅವನಿಗೆ ನಾಚಿಕೆಯಾಗಲಿಲ್ಲ. ಕಟ್ಟುವಾಗ ಅವಳು, ತೆಗೆಯುವಾಗ ಗಂಡ, ಸಿಕ್ಕಿಬೀಳುವಾಗ ಮತ್ತೆ ಅವಳು. ಇದನ್ನು ಮ್ಯಾನೇಜರು ಊಟದ ಹೊತ್ತು ಹೇಳುವಷ್ಟು ಸಲೀಸಾಗಿ ಹೇಳಿದ.

"ಗಂಡ ಹೆಂಡ್ತಿ ವಿಷಯ. ಮನೆಯಲ್ಲಿ ಕೂತು ಮಾತಾಡ್ಕೊಳ್ಳಿ. ಹಾಂ, ಬಂದಿದ್ದೀರಲ್ಲ, ಇದೊಂದಕ್ಕೆ ಸಹಿ ಹಾಕಿಬಿಡಿ. ಬಾಕಿ ಸರಿಯಾಗಿದೆ ಅಂತ ವರ್ಷಕ್ಕೊಮ್ಮೆ ಒಪ್ಪಿಗೆ ಪತ್ರ. ಅವರದಾಗಿದೆ, ನಿಮ್ಮದೊಂದು ಆಗಬೇಕು."

ಕಾಗದ ಸರಿಸಿದ. ಪೆನ್ನು ಕೊಟ್ಟ. ಹತ್ತು ವರ್ಷದಿಂದ ಯಾರು ಎಲ್ಲಿ ತೋರಿಸಿದರೂ ಸಹಿ ಹಾಕಿದ ಕೈ ಅದು. ಪೆನ್ನು ಕಾಗದಕ್ಕೆ ತಾಗಿಯೂ ಬಿಟ್ಟಿತ್ತು. ಅಷ್ಟರಲ್ಲಿ ಕಣ್ಣ ಮುಂದೆ ಮೊಟ್ಟೆಯ ಡಬ್ಬಿ ಬಂತು. ಪೆನ್ನು ಕೆಳಗಿಟ್ಟಳು.

"ನಾಳೆ ಬರ್ತೀನಿ ಸಾರ್."

"ಸಹಿ ನಾಳೆ ಹಾಕಿ, ಕಂತಾದ್ರೂ ಕಟ್ಟಿ ಹೋಗಿ. ಇವತ್ತು ಐದು. ದಂಡ ಬೀಳತ್ತೆ."

ಅವಳು ಚೀಲವನ್ನು ಸೊಂಟಕ್ಕೆ ಮತ್ತೆ ಸಿಕ್ಕಿಸಿಕೊಂಡು ಹೊರಟಳು. ಬಾಗಿಲಲ್ಲಿ ಕಾವಲಿನಜ್ಜ, "ಏನಮ್ಮ, ಇವತ್ತು ರಸೀದಿ ಇಲ್ದೆ ಹೊರಟ್ಯಲ್ಲ?" ಎಂದ. ಅವಳು ಮೆಟ್ಟಿಲಿಳಿದಳು.

ಅಲ್ಲಿಂದ ನೇರ ಲಾಂಡ್ರಿಗೆ ಹೋದಳು. ದುಃಖಕ್ಕೆ ರಜೆ ಕೊಡುವವರು ಯಾರೂ ಇರಲಿಲ್ಲ. ಅವಳು ಒಂದು ತುದಿ, ದೊಡ್ಡಕ್ಕ ಇನ್ನೊಂದು ತುದಿ. ಶೀಟು ಮಡಿಸುವುದು ಇಬ್ಬರ ಕೆಲಸ. ಎಳೆದು, ಝಾಡಿಸಿ, ತುದಿಗೆ ತುದಿ ಕೂಡಿಸಿ, ಒಬ್ಬರ ಕಡೆ ಒಬ್ಬರು ನಡೆದು ಬರಬೇಕು. ಪ್ರತಿ ಸಲ ಎದುರುಬದುರಾದಾಗ ಅವಳು ಒಂದೊಂದು ಮಾತು ಹೇಳಿದಳು. ಹತ್ತು ಶೀಟು ಮುಗಿಯುವಷ್ಟರಲ್ಲಿ ದೊಡ್ಡಕ್ಕನಿಗೆ ಎಲ್ಲ ಗೊತ್ತಾಗಿತ್ತು.

"ಅವನ ಕೈ ಸೇದಿಹೋಗ! ನೀನು ಕಕ್ಕಸ್ಸು ಬಳಿದು ಕೂಡಿಟ್ಟಿದ್ದು ಅವನು ಬಳ್ಕೊಂಡು ಹೋದನಾ? ಕೊಟ್ಟವನ ಬುದ್ಧಿಗೇನಾಗಿತ್ತೇ?"

"ರೂಲಂತೆ ಅಕ್ಕ."

"ಯಾವ ಸುಡುಗಾಡು ರೂಲು?"

ಅಷ್ಟರಲ್ಲಿ ನಾಲ್ಕನೇ ಮಹಡಿಯ ಗಾಡಿ ಬಂತು. ಒಗೆದ ಬಟ್ಟೆ ಮೇಲಕ್ಕೆ ಹೋಗಬೇಕು. ವಾರ್ಡಿನಿಂದ ಬಂದ ಹೆಂಗಸು ಎಣಿಸಿದಳು, ಇವಳೂ ಎಣಿಸಿದಳು. ನಲವತ್ತು ಶೀಟು, ಅರವತ್ತು ದಿಂಬಿನ ಕವರು. ರಿಜಿಸ್ಟರಿನಲ್ಲಿ ಅವಳ ಸಹಿ, ಪಕ್ಕದಲ್ಲಿ ಇವಳ ಸಹಿ. ಎರಡೂ ಬೀಳದೆ ಗಾಡಿ ಕದಲುವಂತಿಲ್ಲ. ಒಮ್ಮೆ ಅವಸರದಲ್ಲಿ ಒಂದೇ ಸಹಿಯಲ್ಲಿ ಗಾಡಿ ಬಿಟ್ಟಿದ್ದಕ್ಕೆ, ಎರಡು ದಿಂಬಿನ ಕವರು ಕಡಿಮೆ ಬಿದ್ದಿದ್ದಕ್ಕೆ, ಇವಳ ಅರ್ಧ ದಿನದ ಸಂಬಳ ಹಿಡಿದಿದ್ದರು.

ಇವಳು ಸಹಿ ಹಾಕಿದ ಪೆನ್ನನ್ನು ಹಾಗೇ ಹಿಡಿದುಕೊಂಡು ನಿಂತಳು.

"ಅಕ್ಕ, ನಮ್ಮಲ್ಲಿ ಒಂದು ಹರಕು ದಿಂಬಿನ ಕವರು ಹೊರಗೆ ಹೋಗ್ಬೇಕಾದ್ರೂ ಎರಡು ಸಹಿ ಬೇಕು. ಅಷ್ಟು ದುಡ್ಡು ಒಂದು ಸಹಿಗೆ ಹೇಗೆ ಹೋಯ್ತು?"

ದೊಡ್ಡಕ್ಕ ಶೀಟಿನ ತುದಿ ಹಿಡಿದವಳು ಬಿಡಲಿಲ್ಲ.

"ಅದನ್ನ ಅವರ ಹತ್ರಾನೇ ಕೇಳು. ನನ್ನ ಹತ್ರ ಕೇಳಿದ್ರೆ ನಾನು ಬರೀ ಬೈತೀನಿ."

ಸಂಜೆ ಮಗಳನ್ನು ಕರೆದುಕೊಂಡು ಕನ್ನಡಕದ ಅಂಗಡಿಗೆ ಹೋದಳು. ಕೆಂಪು ದಾರದ ಚೀಲದ ಬಾಯಿ ಬಿಚ್ಚಿದಳು. ಎರಡು ಸಾವಿರದ ಇನ್ನೂರು ಎಣಿಸಿ ಮೇಜಿನ ಮೇಲಿಟ್ಟಳು. ಮಗಳು ಅವಳ ಕೈ ಹಿಡಿದು ಎಳೆದಳು.

"ಅಮ್ಮಾ, ಅದು ಮನೇದು."

"ಮನೆ ಕಾಯ್ಲಿ. ಇಷ್ಟು ದಿನ ನೀನು ಕಾದ್ಯಲ್ಲ."

ಈಗ ಚೀಲದಲ್ಲಿ ಕಂತಿಗೇ ಏಳುನೂರು ಕಡಿಮೆ. ಅವಳಿಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಆದರೆ ಕನ್ನಡಕ ಮೂಗಿಗೇರಿದ್ದೇ ತಡ, ಮಗಳು ಅಂಗಡಿಯ ಬಾಗಿಲಲ್ಲಿ ನಿಂತುಬಿಟ್ಟಳು. ಎದುರು ಮರದ ಎಲೆ ಬೇರೆ ಬೇರೆಯಾಗಿ ಕಾಣುತ್ತದೆ ಎಂದಳು. ದಾರಿಯುದ್ದಕ್ಕೂ ಓದಿದಳು. ಬಸ್ಸಿನ ನಂಬರು, ಅಂಗಡಿಯ ಬೋರ್ಡು, ಕಂಬಕ್ಕೆ ಅಂಟಿಸಿದ ಬಾಡಿಗೆ ಮನೆಯ ಚೀಟಿ, ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದದ್ದು, ಎಲ್ಲವನ್ನೂ ಬಾಯಿಬಿಟ್ಟು ಓದಿದಳು. ಅವಳ ದನಿಯ ಸಂಭ್ರಮ ಕೇಳುತ್ತ ತಾಯಿ ಪಕ್ಕದಲ್ಲಿ ತಲೆ ತಗ್ಗಿಸಿ ನಡೆದಳು. ಎರಡು ವರ್ಷ ಈ ಮಗು ಮಂಜಿನಲ್ಲಿ ನಡೆದಿತ್ತು, ತಾನು ಅದರ ಕೈ ಹಿಡಿದುಕೊಂಡೇ ಇದ್ದೆ.

ಮನೆಗೆ ಬಂದು ಅವಳು ಬಿಸ್ಕತ್ತಿನ ಡಬ್ಬಿಯಿಂದ ರಸೀದಿಗಳ ಕಟ್ಟು ತೆಗೆದಳು. ನಲವತ್ತೇಳು, ತಿಂಗಳ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡು ಹಾಕಿದ್ದು. ಒಂದನ್ನು ದೀಪದ ಹತ್ತಿರ ಹಿಡಿದಳು. ಮುಂಬದಿಯಲ್ಲಿ ಮೊತ್ತ, ತಾರೀಖು, ತನ್ನ ಸಹಿ. ಮೂಲೆಯಲ್ಲಿ ಸಾಸಿವೆಯಷ್ಟು ದೊಡ್ಡ ಒಂದು ಚೌಕ. ಅದರ ಪಕ್ಕ ಏನೋ ಇದೆ. ತಿರುಗಿಸಿದಳು. ಹಿಂಬದಿಯಲ್ಲಿ ಇರುವೆ ಸಾಲು. ಅವಳು ಓದು ಬಾರದವಳಲ್ಲ, ಏಳನೇ ಕ್ಲಾಸು ಮುಗಿಸಿದವಳು. ನಲವತ್ತರ ಕಣ್ಣಿಗೆ ಆ ಅಕ್ಷರ ನಿಲುಕಲಿಲ್ಲ.

"ಕೊಡಮ್ಮ ಇಲ್ಲಿ" ಎಂದು ಮಗಳು ಕಿತ್ತುಕೊಂಡಳು. ಅವಳಿಗೆ ಓದಲು ಏನಾದರೂ ಬೇಕಾಗಿತ್ತು. "ನಿಯಮಗಳು. ಒಂದು. ಕಂತಿಗಿಂತ ಹೆಚ್ಚಾಗಿ ಪಾವತಿಸಿದ ಹಣವನ್ನು, ಮುಂಭಾಗದಲ್ಲಿ ಅಸಲಿಗೆ ಎಂಬಲ್ಲಿ ಗುರುತು ಮಾಡದಿದ್ದಲ್ಲಿ, ಹೆಚ್ಚುವರಿ ಖಾತೆಯಲ್ಲಿ ಇಡಲಾಗುವುದು."

"ಅದು ಗೊತ್ತಾಯ್ತು. ಮುಂದೆ?"

"ಎರಡು. ಹೆಚ್ಚುವರಿ ಖಾತೆಯ ಹಣವನ್ನು ಎಲ್ಲ ಸಾಲಗಾರರ ಸಹಿ ಇಲ್ಲದೆ ಹಿಂದಿರುಗಿಸತಕ್ಕದ್ದಲ್ಲ."

"ಇನ್ನೊಂದು ಸಲ ಓದು."

ಮಗಳು ಓದಿದಳು.

"ಎಲ್ಲ ಸಾಲಗಾರರು ಅಂದ್ರೆ?"

"ಅಪ್ಪ, ಮತ್ತೆ ನೀನು."

ನಾಲ್ಕು ವರ್ಷದಿಂದ ತಿಂಗಳು ತಿಂಗಳು ತಾನೇ ಮಡಿಸಿ ತಂದು, ತಾನೇ ಡಬ್ಬಿಯಲ್ಲಿ ಜೋಪಾನ ಮಾಡಿದ ಕಾಗದ. ಅದರ ಬೆನ್ನ ಮೇಲೆಯೇ ಇಷ್ಟು ದಿನ ಇದು ಬರೆದಿತ್ತು. ಅವಳು ನೆಲಕ್ಕೆ ಕೂತಳು. ಅಳಲಿಲ್ಲ. ಉಳಿದ ರಸೀದಿಗಳನ್ನೂ ಒಂದೊಂದಾಗಿ ತಿರುಗಿಸಿದಳು.

ಮರುದಿನ ಲಾಂಡ್ರಿಗೆ ರಜೆ ಬರೆದಳು. ಮಗಳಿಗೂ ಸ್ಕೂಲು ತಪ್ಪಿಸಿದಳು. ಅಷ್ಟು ವರ್ಷದಲ್ಲಿ ಇಬ್ಬರಿಗೂ ಅದು ಮೊದಲ ಸಲ. ಆರನೇ ತಾರೀಖು ಅವಳನ್ನು ನೋಡಿ ಕಾವಲಿನಜ್ಜ ತಬ್ಬಿಬ್ಬಾದ.

ಅಂದು ಬ್ಯಾಂಕು ತುಂಬಿತ್ತು. ಸಾಲಿನಲ್ಲಿ ಹದಿನೈದು ಇಪ್ಪತ್ತು ಜನ, ಕೈಯಲ್ಲಿ ಕಾಗದ, ಮುಖದಲ್ಲಿ ಬೇಸರ. ಮ್ಯಾನೇಜರು ಕೋಣೆಯಿಂದ ಹೊರಬಂದು ಯಾರಿಗೋ ಏನೋ ಹೇಳುತ್ತಿದ್ದ. ಇವಳನ್ನು ನೋಡಿದವನೇ, "ಹಾಂ, ಬಂದ್ರಾ? ಸಹಿ ಹಾಕಿಬಿಡಿ, ಕಂತೂ ಕಟ್ಟಿಬಿಡಿ. ಒಂದು ದಿನದ ದಂಡ ಬೀಳತ್ತೆ ಅಷ್ಟೆ" ಎಂದು ಒಪ್ಪಿಗೆ ಪತ್ರ ತರಿಸಿ ಕೌಂಟರಿನ ಮೇಲಿಟ್ಟ.

"ಸಹಿ ಹಾಕಲ್ಲ ಸಾರ್."

ಮ್ಯಾನೇಜರ ಹುಬ್ಬು ಮೇಲಕ್ಕೆ ಹೋಯಿತು.

"ಬಾಕಿ ಸರಿಯಾಗಿಲ್ಲ. ಸರಿಯಾಗಿದೆ ಅಂತ ನಾನು ಬರ್ಕೊಡಲ್ಲ." ರಸೀದಿಯನ್ನು ತಿರುಗಿಸಿ ಅವನ ಮುಂದೆ ಹಿಡಿದಳು. "ಇದರ ಹಿಂದೆ ಎರಡನೇದು ಏನು ಬರೆದಿದೆ, ಸ್ವಲ್ಪ ಓದಿ."

ಅವನು ಕಣ್ಣು ಹಾಯಿಸಿದ. ಮುಖದಲ್ಲಿ ಏನೋ ಬಂದು ಹೋಯಿತು.

"ಇದು ಹಳೇ ಫಾರಂ."

"ಹೋದ ತಿಂಗಳದು. ನೀವೇ ಕೊಟ್ಟಿದ್ದು. ಜೋರಾಗಿ ಓದಿ ಸಾರ್, ನಂಗೆ ಸಣ್ಣಕ್ಷರ ಕಾಣಲ್ಲ."

"ನೋಡಿ, ಅದು ಆ ಬ್ರಾಂಚಿನವರು ಮಾಡಿರೋ ಕೆಲಸ. ಸಿಸ್ಟಮ್ಮಲ್ಲಿ..." ಸಾಲಿನ ಜನ ಇತ್ತ ನೋಡುತ್ತಿದ್ದುದು ಅವನಿಗೆ ಕಂಡಿತು. ದನಿ ಒಮ್ಮೆಲೇ ಮೆತ್ತಗಾಯಿತು. "ಇಲ್ಲಿ ಬೇಡ ಮೇಡಂ. ಒಳಗೆ ಬನ್ನಿ. ಕೂತು ಮಾತಾಡೋಣ. ಕುರ್ಚಿ ಇದೆಯಲ್ಲ."

ನಿನ್ನೆಯೂ ಕುರ್ಚಿ ಇತ್ತು. ಹೋದ ವರ್ಷವೂ ಇತ್ತು.

"ಇಷ್ಟು ವರ್ಷ ನಿಂತ್ಕೊಂಡೇ ಕಟ್ಟಿದ್ದೀನಿ" ಎಂದಳು. "ನಿಂತ್ಕೊಂಡೇ ಕೇಳ್ತೀನಿ. ನನ್ನ ಸಹಿ ಎಲ್ಲಿದೆ, ತೋರ್ಸಿ."

"ಗಲಾಟೆ ಮಾಡಿದ್ರೆ ನಿಮ್ಮ ಮನೆಗೇ ತೊಂದರೆ. ಕಂತು ಕಟ್ಟಿಲ್ಲ ನೀವು. ನೋಟಿಸು ಬರತ್ತೆ, ಗೊತ್ತಲ್ಲ?"

"ಗೊತ್ತು. ಎಂಟು ವರ್ಷದಿಂದ ಆ ಭಯಕ್ಕೇ ಕಟ್ಟಿದ್ದು. ಆ ಭಯಕ್ಕೆ ನನ್ನ ಮಗಳು ಎರಡು ವರ್ಷ ಬೋರ್ಡು ನೋಡ್ಲಿಲ್ಲ." ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. "ಇಪ್ಪತ್ತನೇ ತಾರೀಖು ಅವರಿಗೆ ಕೊಟ್ಟ ಕಾಗದ ತನ್ನಿ. ಅದರಲ್ಲಿ ನನ್ನ ಸಹಿ ಇದ್ರೆ ಈಗಲೇ ನಿಮ್ಮ ಪತ್ರಕ್ಕೂ ಹಾಕ್ತೀನಿ. ಇಲ್ಲ ಅಂದ್ರೆ, ಇಲ್ಲ ಅಂತ ನೀವು ಬರ್ದು ಕೊಡಿ. ಇಷ್ಟು ವರ್ಷ ನಾನು ಬರ್ದು ಕೊಟ್ಟಿದ್ದೀನಿ, ಇವತ್ತು ನೀವು ಕೊಡಿ. ಅಲ್ಲೀವರೆಗೂ ಇಲ್ಲಿಂದ ಕದಲಲ್ಲ."

"ಅಜ್ಜ!" ಮ್ಯಾನೇಜರು ಕಾವಲಿನವನನ್ನು ಕೂಗಿದ. "ಇವರನ್ನ ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ."

ಕಾವಲಿನಜ್ಜ ಸ್ಟೂಲಿನಿಂದ ಎದ್ದ. ಎರಡು ಹೆಜ್ಜೆ ಇಟ್ಟ. ಅವಳ ಮುಖ ನೋಡಿದ. ತನ್ನ ಮೊಣಕಾಲು ಹಿಡಿದುಕೊಂಡು, "ಕಾಲು ಹಿಡ್ಕೊಂಡಿದೆ ಸಾರ್" ಎಂದು ಮತ್ತೆ ಕೂತ.

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮ್ಯಾನೇಜರ ಮುಖ ಕೆಂಪೇರಿತು. ಅವಳು ರಸೀದಿಯನ್ನು ಮಗಳ ಕೈಗೆ ಕೊಟ್ಟಳು.

"ಓದು ಪುಟ್ಟಿ. ಎಲ್ಲರಿಗೂ ಕೇಳ್ಬೇಕು."

ಮಗಳು ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಳು. ಕ್ಲಾಸಿನಲ್ಲಿ ಪಾಠ ಓದುವ ಹಾಗೆ ನೆಟ್ಟಗೆ ನಿಂತು ಓದಿದಳು. ಒಂದನೆಯದನ್ನು ಓದಿದಳು, ಎರಡನೆಯದನ್ನು ಓದಿದಳು. ಹಿಂದಿರುಗಿಸತಕ್ಕದ್ದಲ್ಲ ಎಂಬಲ್ಲಿ ಒಮ್ಮೆ ತಡವರಿಸಿ, ಮೊದಲಿನಿಂದ ಮತ್ತೆ ಓದಿದಳು. ಟಕಟಕ ನಿಂತಿತು. ಕೌಂಟರಿನ ಹುಡುಗಿ ಕೀಲಿಗಳ ಮೇಲಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಅಸಲಿಗೆ ಅಂತ ಗುರುತು ಮಾಡ್ಬೇಕಾ?" ಸಾಲಿನಿಂದ ಒಬ್ಬ ಕೇಳಿದ. ಡ್ರೈವರನ ಅಂಗಿ ಹಾಕಿದ್ದ. "ನಾನೂ ಜಾಸ್ತಿ ಕಟ್ತಾ ಇದ್ದೀನಿ, ಎರಡು ವರ್ಷದಿಂದ. ನಂಗೆ ಯಾರೂ ಹೇಳೇ ಇಲ್ಲ."

ಅವನು ಜೇಬಿನಿಂದ ತನ್ನ ರಸೀದಿ ತೆಗೆದು ತಿರುಗಿಸಿದ. ಅವನ ಹಿಂದಿನವನೂ ತಿರುಗಿಸಿದ. ಅಷ್ಟು ದೊಡ್ಡ ಹಾಲಿನಲ್ಲಿ ಕಾಗದ ಮಗುಚುವ ಸರಸರ ಸದ್ದು ಒಂದರ ಹಿಂದೆ ಒಂದು ಕೇಳಿಸಿತು. ಗೋಡೆಯ ಮೇಲಿನ ಮೂವರು ಹಲ್ಲು ಕಿರಿಯುತ್ತಲೇ ಇದ್ದರು.

ಅವಳಿಗೆ ದುಡ್ಡು ಸಿಕ್ಕಿರಲಿಲ್ಲ. ಸಿಗುತ್ತದೆಂದು ಯಾರೂ ಹೇಳಿರಲಿಲ್ಲ. ಕಂತಿಗೆ ಏಳುನೂರು ಕಡಿಮೆಯಿತ್ತು. ಮ್ಯಾನೇಜರು ಫೋನು ಹಿಡಿದು ಕೋಣೆಯೊಳಗೆ ಅತ್ತಿಂದಿತ್ತ ಓಡಾಡುತ್ತಿದ್ದ, ಪೊಲೀಸರಿಗೋ ಮೇಲಿನವರಿಗೋ ಗೊತ್ತಿಲ್ಲ. ಸಹಿಯಿಲ್ಲದ ಪತ್ರ ಕೌಂಟರಿನ ಮೇಲೆ ಹಾಗೇ ಬಿದ್ದಿತ್ತು. ಅವಳು ಸೊಂಟದ ಚೀಲವನ್ನು ಒಂದು ಕೈಯಿಂದ ಒತ್ತಿ ಹಿಡಿದು, ಯಂತ್ರದ ಮುಂದೆ ನಿಲ್ಲುವಂತೆ ಕಾಲೂರಿ ನಿಂತಿದ್ದಳು.

ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬಳು ಕೋಲೂರುತ್ತ ಮುಂದೆ ಬಂದಳು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಳದಿ ಕಾಗದವಿತ್ತು. ಅದನ್ನು ಬಿಡಿಸಿ ಮಗುವಿನ ಮುಂದೆ ಹಿಡಿದಳು.

"ಪುಟ್ಟಮ್ಮ, ಇದರ ಹಿಂದೆ ಏನು ಬರೆದಿದೆ, ಇದನ್ನೂ ಸ್ವಲ್ಪ ಓದಮ್ಮ."

ಮಗಳು ತಾಯಿಯ ಮುಖ ನೋಡಿದಳು.

"ಓದು" ಎಂದಳು ಅವಳು.